ಹೆಸರು ಹಿಡಿದು ಕರೆದವರು

ಟಿವಿ ಕಪಾಟಿನ ಹಿಂದೆ ಕೈ ಹಾಕಿ ವೈರು ತಡಕುತ್ತಿದ್ದ ಅಮೋಲನ ಮುಂಗೈಗೆ ಜೇಡರ ಬಲೆ ಮೆತ್ತಿಕೊಂಡಿತು. ವೈರು ಕಿತ್ತು, ಅದರ ತುದಿಯನ್ನು ಬಾಯಿಂದ ಊದಿ ಮತ್ತೆ ಸಿಕ್ಕಿಸಿದ. ಕಪ್ಪು ಡಬ್ಬಿಯ ಮೂತಿಯ ಮೇಲೆ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಎಲ್ಲವೂ ಹಸಿರು. ನೆಲದ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನಲ್ಲಿ ಡಬ್ಬಿಯ ಹೆಸರು ಕಾಣಿಸಿತು. ಅದನ್ನು ಒತ್ತಿದರೆ ಫೋಲ್ಡರುಗಳೂ ಸಾಲಾಗಿ ಬಂದು ನಿಂತವು. ಆದರೆ ಯಾವುದನ್ನು ಮುಟ್ಟಿದರೂ ಒಂದೇ ಉತ್ತರ: ಒಳಗೆ ಹೋಗಲು ನಿಮಗೆ ಪರವಾನಗಿ ಇಲ್ಲ.

"ಹತ್ತಿತೇನು?" ಮಂಚದ ಮೇಲೆ ಕೂತಿದ್ದ ಭೀಮಣ್ಣ ಕೇಳಿದ.

"ದೀಪ ಹತ್ಯಾವಪ್ಪಾ. ಫೋಲ್ಡರ್ ತೆರೀವಲ್ಲವು."

"ದೀಪ ಹತ್ಯಾವಂದ್ರ ಕರೆಂಟ ಅದ. ಕರೆಂಟ ಇದ್ದ ಮ್ಯಾಲ ಯಾಕ ತೆರೀವಲ್ಲವು?"

"ಅದು ಹಂಗಲ್ಲ. ಮನಿ ಕಾಣಸ್ತದ, ಬಾಗಲಾ ತೆಗೀವಲ್ದು."

ಭೀಮಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಹೆಂಡತಿಯನ್ನು ಹೊಲದಲ್ಲಿ ಮಣ್ಣು ಮಾಡಿ ಬಂದ ದಿನದಿಂದ ಅವನು ಗಡ್ಡ ಮಾಡಿಸಿರಲಿಲ್ಲ. ಬಿಳಿ ಕೂಳೆ ಬೆಳೆದ ಆ ಮುಖ ಅಮೋಲನಿಗೆ ಯಾರೋ ದೂರದ ಊರಿನ ಮುದುಕನದೆನ್ನಿಸುತ್ತಿತ್ತು.

ಆ ಡಬ್ಬಿಯನ್ನು ಅಮೋಲನೇ ಸೊಲ್ಲಾಪುರದಿಂದ ತಂದು ಕೂಡಿಸಿದ್ದ. ಒಳಗೆ ಎರಡು ಹಾರ್ಡ್ ಡಿಸ್ಕು, ಹಿಂದೆ ವೈಫೈಗೆ ಒಂದು ವೈರು. ಮನೆಯವರ ಫೋನಿನ ಫೋಟೊ, ಮದುವೆ ಮುಂಜಿಯ ವಿಡಿಯೊ, ಹೊಲದ ಉತಾರದ ನಕಲು, ಎಲ್ಲವೂ ಅದರೊಳಗೆ ಹೋಗಿ ಕೂಡುತ್ತಿದ್ದವು. ಲಾತೂರಿನ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದ ಮಗಳು ಪ್ರಣಿತಾ ಕೂಡ ಅಲ್ಲಿಂದಲೇ ತೆರೆದು ನೋಡುತ್ತಿದ್ದಳು. ಹೋದ ವರ್ಷ ಹಿತ್ತಲ ಬಾವಿಯ ಮೋಟಾರು ಕಳುವಾದ ಮೇಲೆ ಅಮೋಲ ಮನೆಯ ಮುಂದೊಂದು ಹಿಂದೊಂದು ಕ್ಯಾಮೆರಾ ಹಾಕಿಸಿ, ಅವುಗಳ ರೆಕಾರ್ಡಿಂಗೂ ಅದೇ ಡಬ್ಬಿಗೆ ಬೀಳುವಂತೆ ಮಾಡಿದ್ದ. ಒಂದು ತಿಂಗಳಾದ ಮೇಲೆ ಹಳೆಯ ರೆಕಾರ್ಡಿಂಗನ್ನು ತಾನೇ ಅಳಿಸಿ ಹೊಸದನ್ನು ಬರೆದುಕೊಳ್ಳುತ್ತಿತ್ತು ಅದು.

ಆ ಹಿಂದಿನ ಕ್ಯಾಮೆರಾದ ಕಣ್ಣೆದುರಿಗೇ ಅಮೋಲನ ಅವ್ವ ಶಾರದಾಬಾಯಿ ಬಿದ್ದದ್ದು. ಮಧ್ಯಾಹ್ನದ ಹೊತ್ತು. ಅಮೋಲ ಸೊಲ್ಲಾಪುರದಲ್ಲಿ, ತಾನು ಕೆಲಸ ಮಾಡುವ ಟವೆಲ್ ಕಾರ್ಖಾನೆಯ ಆಫೀಸಿನಲ್ಲಿದ್ದ. ಅವನ ಹೆಂಡತಿ ಶೀತಲ ಅಕ್ಕಲಕೋಟದ ತನ್ನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕುಂಭಾರಿಯ ರಸ್ತೆ ಬದಿಯ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಭೀಮಣ್ಣ ಉಂಡು ಫ್ಯಾನಿನ ಕೆಳಗೆ ಒರಗಿದ್ದ. ಸಂಜೆಯ ಎಸ್‌ಟಿ ಬಸ್ಸಿಗೆ ಬಂದ ಶೀತಲ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ, ನೀರಿನ ಟಾಕಿಗೂ ತೊಗರಿ ಕಟ್ಟಿಗೆಯ ಒಟ್ಟಿಲಿಗೂ ನಡುವೆ ಅತ್ತೆ ಮಗ್ಗುಲಾಗಿ ಬಿದ್ದಿದ್ದಳು. ನೀರಿನ ಪೈಪು ಕಾಲಿಗೆ ಸುತ್ತಿಕೊಂಡಿತ್ತು. ಮೈ ತಣ್ಣಗಾಗಿತ್ತು.

ಪ್ರಣಿತಾ ಲಾತೂರಿನಿಂದ ಫೋನು ಮಾಡಿ, "ಪಪ್ಪಾ, ಆಯೀದು ಒಂದೂ ಫೋಟೊ ತೆರೀವಲ್ದು ನನಗ" ಎಂದು ಅಜ್ಜಿಯನ್ನು ನೆನೆದು ಅತ್ತ ಮೇಲೆಯೇ ಡಬ್ಬಿ ಕೆಟ್ಟದ್ದು ಅಮೋಲನಿಗೆ ಗೊತ್ತಾಗಿದ್ದು. ಗೋಡೆಗೆ ಹಾಕುವ ಕಟ್ಟಿನ ಫೋಟೊಕ್ಕೂ ಅವ್ವನ ಮುಖ ಅದರೊಳಗಿಂದಲೇ ಬರಬೇಕಿತ್ತು.

"ಫೋಟೊ ಇರ್ಲಿ," ಎಂದ ಭೀಮಣ್ಣ. "ಮೊದಲ ಆ ಹಿತ್ತಲ ಕ್ಯಾಮೆರಾ ನೋಡು."

"ಅದರಾಗ ಏನ ನೋಡೂದದ ಅಪ್ಪಾ?"

"ನೋಡಂದ್ರ ನೋಡು. ನನಗೊಂದು ಮಾತು ತಿಳೀಬೇಕಾಗ್ಯದ."

ಆ ಮಾತೇನೆಂದು ಅವನು ಹೇಳಲಿಲ್ಲ.

ಡಬ್ಬಿ ಮಾರಿದ್ದ ಸೊಲ್ಲಾಪುರದ ಅಂಗಡಿಯ ಮೈಲಾರಲಿಂಗನಿಗೆ ಅಮೋಲ ಫೋನು ಹಚ್ಚಿದ. ಅವನು, "ಲ್ಯಾಪ್‌ಟಾಪಿಗೆ ಹೊಸಾ ಅಪ್‌ಡೇಟ್ ಬಂದಿರಬೇಕು ನೋಡ್ರಿ. ಅದು ಬಂದ ಮ್ಯಾಲ ಹಳೀ ಪದ್ಧತಿ ಬಂದ್ ಆಗ್ತದ. ಎಲ್ಲಾರ ಮನ್ಯಾಗೂ ಇದ ಗೋಳ ಚಾಲೂ ಅದ" ಎಂದು, ಎಲ್ಲೆಲ್ಲಿ ಏನೇನು ಒತ್ತಬೇಕೆಂದು ಹೇಳಿದ. ಅಮೋಲ ಒತ್ತಿದ. ಲ್ಯಾಪ್‌ಟಾಪು ಬಂದ್ ಮಾಡಿ ತೆಗೆದ. ವೈಫೈ ಆರಿಸಿ ಹೊತ್ತಿಸಿದ. ಹೊಸ ವೈರು ತಂದು ಹಾಕಿದ. ಟಿವಿಯಲ್ಲಿ ನೋಡಿದ, ತನ್ನ ಫೋನಿನಲ್ಲಿ ನೋಡಿದ. ಎಲ್ಲ ಕಡೆಗೂ ಬಾಗಿಲು ಮುಚ್ಚಿಯೇ ಇತ್ತು. ರಜೆ ಮುಗಿದು ಆಫೀಸಿಗೆ ಹೋಗತೊಡಗಿದ ಮೇಲೂ ಸಂಜೆ ಬಂದು ಬೂಟು ಬಿಚ್ಚುವ ಮೊದಲೇ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದ. ಒಂದು ರೀತಿಯಲ್ಲಿ ಅದು ಅವನಿಗೆ ಆಸರೆಯೂ ಆಗಿತ್ತು. ಅವ್ವನ ಖಾಲಿ ಮೂಲೆಯ ಕಡೆಗೆ, ಅವಳ ಎಲೆಯಡಿಕೆ ಡಬ್ಬದ ಕಡೆಗೆ ನೋಡುವುದಕ್ಕಿಂತ ಈ ಹಸಿರು ದೀಪ ನೋಡುವುದು ಸಲೀಸು.

ಶೀತಲ ಮಾತ್ರ ಒಂದು ದಿನವೂ ಅದು ತೆರೆಯಿತೇ ಎಂದು ಕೇಳಲಿಲ್ಲ. "ಇವತ್ತರೆ ಬಿಡ್ರಿ, ಉಣ್ಣಬರ್ರಿ," ಎನ್ನುತ್ತಿದ್ದಳು. "ಎಲ್ಲಿ ಓಡಿ ಹೋಗ್ತದದು."

ಒಂದು ಆದಿತ್ಯವಾರ ಮೈಲಾರಲಿಂಗನೇ ತಿರುಗಿ ಫೋನು ಮಾಡಿ, "ಮನ್ಯಾಗ ಒಬ್ಬರ ಫೋನಿನಾಗರೆ ತೆರೀತದೇನ್ರಿ? ತೆರದ್ರ ಡಬ್ಬಿ ಚೊಲೋ ಅದ, ಫಕ್ತ ಪರವಾನಗಿ ತಪ್ಪ್ಯಾದಂತ ತಿಳಕೋರಿ. ಡಬ್ಬಿ ಮಾಲಕನ ಪಾಸ್‌ವರ್ಡ್ ಹಾಕಿ ಒಳಗ ಹೋಗಿ ನೋಡ್ರಿ" ಎಂದ. ಮಾಲಕನ ಪಾಸ್‌ವರ್ಡು! ಅದೊಂದಿದೆ ಎಂಬುದೇ ಅಮೋಲನಿಗೆ ಮರೆತುಹೋಗಿತ್ತು. ಡಬ್ಬಿ ಕೂಡಿಸಿದ ದಿನ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯ ಹೆಸರನ್ನೇ ಇಟ್ಟಿದ್ದ. ಎಮ್ಮೆ ಮಾರಿ ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಕೆಲಸ ಮಾಡಿತು.

ಒಳಗೆ ಹೋಗಿ ನೋಡಿದರೆ ಎರಡೂ ಡಿಸ್ಕುಗಳು ಗಟ್ಟಿಮುಟ್ಟಾಗಿದ್ದವು. ಜಾಗವೂ ಬೇಕಾದಷ್ಟಿತ್ತು. ಏನೂ ಕೆಟ್ಟಿರಲಿಲ್ಲ. ಯಾರು ಯಾರಿಗೆ ಪರವಾನಗಿ ಎಂಬ ಪುಟ ತೆರೆದ. ಟಿವಿ, ಲ್ಯಾಪ್‌ಟಾಪು, ಮನೆಯವರ ಫೋನು ಎಲ್ಲ 'ಘರ' ಎಂಬ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದವು. ಆ ಹೆಸರಿನ ಮುಂದಿನ ಗುರುತುಗಳನ್ನೆಲ್ಲ ಯಾರೋ ತೆಗೆದುಹಾಕಿದ್ದರು. ಅದರ ಕೆಳಗಿದ್ದ ಇನ್ನೊಂದು ಹೆಸರಿನ ಮುಂದೆ ಮಾತ್ರ ಎಲ್ಲವೂ ಇದ್ದಂತೆಯೇ ಇದ್ದವು. ಅದು ಶೀತಲಳದು, ಶಾಲೆಯ ಕೆಲಸಕ್ಕೆಂದು ಬೇರೆ ಮಾಡಿಕೊಟ್ಟದ್ದು.

ಪಾಸ್‌ವರ್ಡು ಆ ಎಮ್ಮೆಯ ಹೆಸರೆಂದು ಗೊತ್ತಿದ್ದವರು ಇಬ್ಬರೇ. ಅವನು ಮತ್ತು ಅವಳು.

ಶೀತಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಮೋಲ ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತ.

"ಡಬ್ಬಿ ನೀ ಬಂದ್ ಮಾಡಿದೇನು?"

ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತಾ ಅಗಲವಾಯಿತು. ಅದನ್ನು ಎತ್ತಿ ಹೆಂಚಿಗೆ ಹಾಕಿ, ನೀರು ಸವರಿದ ಮೇಲೆ, "ಹೌದು" ಎಂದಳು.

"ಯಾಕ?"

"ಇನ್ನೊಂದೀಟ ದಿನ ತಡೀರಿ. ಹಳೀದು ತಾನ ಅಳಸತದಂತ ನೀವ ಹೇಳಿದ್ರಿ. ನನ್ನ ಕೈಲೆ ಅಳಸಾಕ ಆಗಲಿಲ್ಲ, ತಾನ ಅಳಸ್ಲಿ. ಆಮ್ಯಾಲ ಮೊದಲಿನಂಗ ತೆರದ ಕೊಡ್ತೀನಿ."

"ಅಂಥಾದ್ದೇನದ ಅದರಾಗ?"

ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಇಷ್ಟು ದಿನ ತಾನು ಧೂಳಿನಲ್ಲಿ ಕೂತು ವೈರು ಕೀಳುತ್ತಿದ್ದುದನ್ನು ಇವಳು ನೋಡುತ್ತಲೇ ಇದ್ದಳಲ್ಲ ಎಂಬುದು ಅಮೋಲನ ಎದೆಯಲ್ಲಿ ಬಿಸಿಯಾಗಿ ಏರಿತು. ಆಡಬಾರದ ಮಾತು ಬಾಯಿಗೆ ಬಂತು.

"ಅವತ್ತ ನೀ ಖರೇನ ಸಂಜೀ ಎಸ್‌ಟಿಗೇ ಬಂದಿದ್ದೇನು ಶೀತಲ?"

ಶೀತಲ ತಿರುಗಿ ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಅವಳು ಒಲೆ ಆರಿಸಿ, ಹಿಟ್ಟಿನ ಕೈಯನ್ನು ಬೆರಳು ಬೆರಳು ತಿಕ್ಕಿ ತೊಳೆದುಕೊಂಡು, ಸೆರಗಿಗೆ ಒರೆಸಿದಳು.

"ಮಣ್ಣಿಗೆ ಹೋಗಿ ಬಂದ ಮರುದಿನ ನಾನೂ ಇದನ್ನ ನೋಡಬೇಕಂತ ತೆಗದೆ. ಮುಂಚಿನ ಎಸ್‌ಟಿಗೆ ಬಂದಿದ್ರ ಅತ್ತಿ ಉಳೀತಿದ್ರೇನೋ ಅಂತ. ತೆಗೀಬಾರದಿತ್ತು," ಎಂದಳು. "ನೋಡ್ರಿ ನೀವೂ. ಮ್ಯಾಲ ಹೋಗಿ ಒಬ್ರ ನೋಡ್ರಿ. ದನಿ ಹೊರಗ ಬಿಡಬ್ಯಾಡ್ರಿ."

ಅಮೋಲ ಲ್ಯಾಪ್‌ಟಾಪು ಎತ್ತಿಕೊಂಡು ಮಾಳಿಗೆಯ ಕೋಣೆಗೆ ಹೋದ. ಇಯರ್‌ಫೋನು ಕಿವಿಗಿಟ್ಟು ಆ ದಿನದ ಮಧ್ಯಾಹ್ನ ಹುಡುಕಿ ತೆಗೆದ.

ಬಿಸಿಲಿಗೆ ಬೆಳ್ಳಗಾದ ಹಿತ್ತಲು. ಅವ್ವ ಪೈಪು ಹಿಡಿದು ಟಾಕಿಯ ಕಡೆಗೆ ಹೋದಳು. ನಡಿಗೆ ಎಂದಿನದೇ, ಒಂದು ಕಡೆ ವಾಲಿ, ಸೀರೆಯ ನೆರಿಗೆ ಒಂದು ಕೈಯಲ್ಲೆತ್ತಿ. ಪೈಪನ್ನು ಎಳೆದಳು. ಅದು ಬರಲಿಲ್ಲ. ಜೋರಾಗಿ ಎಳೆದವಳು ಹಿಂದಕ್ಕೆ ಹೋದಳು, ಟಾಕಿಯ ಕಟ್ಟೆಗೆ ಟಕ್ಕೆಂದು ಏನೋ ಬಡಿಯಿತು. ಅಷ್ಟೇ. ಮೇಲಿನ ಕ್ಯಾಮೆರಾಕ್ಕೆ ಅವಳ ಅರ್ಧ ಮೈ ಕಾಣುತ್ತಿತ್ತು. ಹಿತ್ತಲ ಬಾಗಿಲಿನಿಂದ ನೋಡುವವರಿಗೆ ತೊಗರಿ ಕಟ್ಟಿಗೆ ಅಡ್ಡ.

ಸ್ವಲ್ಪ ಹೊತ್ತು ಪೈಪಿನಿಂದ ನೀರು ಹರಿಯುವ ಸದ್ದು. ಆಮೇಲೆ ಅವಳ ದನಿ, ಸಣ್ಣದಾಗಿ: "ರೀ... ಇಲ್ಲಿ ಬರ್ರಿ." ಮತ್ತೆ: "ಕೇಳ್ತದೇನ್ರಿ..." ಒಳಗೆ ಫ್ಯಾನು ತಿರುಗುತ್ತಿತ್ತು. ರಸ್ತೆಯ ಮೇಲೆ ಅಕ್ಕಲಕೋಟದ ಕಡೆಗೆ ಭಕ್ತರ ಗಾಡಿಗಳು ಹೋಗುತ್ತಿದ್ದವು. ಆ ದನಿ ಮನೆಯೊಳಗೆ ಮುಟ್ಟಿರಲಾರದು. ಅವ್ವನ ಕೈ ನೆಲ ಹಿಡಿದು ಮೈಯನ್ನು ಎಬ್ಬಿಸಲು ನೋಡಿತು, ಜಾರಿತು. ಮತ್ತೆ ಹಿಡಿಯಿತು. ಆಗ ಒಂದು ಕೂಗು ಬಂತು. ಒಡೆದ, ದಪ್ಪ, ಗಂಡಸಿನದೋ ಹೆಂಗಸಿನದೋ ತಿಳಿಯದ ಕೂಗು.

"ಭೀಮಣ್ಣಾ! ಏ ಭೀಮಣ್ಣಾ!"

ಅಮೋಲನ ಬೆನ್ನು ನೆಟ್ಟಗಾಯಿತು. ಹುಟ್ಟಿದಂದಿನಿಂದ ಅವ್ವನ ಬಾಯಲ್ಲಿ ಅಪ್ಪನ ಹೆಸರು ಅವನು ಕೇಳಿರಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುವಾಗಲೂ ಶಾರದಾಬಾಯಿ ಸೆರಗು ಬಾಯಿಗಿಟ್ಟು ಎದ್ದುಹೋಗುತ್ತಿದ್ದಳು. ದವಾಖಾನೆಯಲ್ಲಿ, ತಹಶೀಲ ಕಚೇರಿಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ, "ಪಾಂಡವರಾಗ ಎರಡನೇದವರು" ಎನ್ನುತ್ತಿದ್ದಳು. ಕಾರಕೂನರು ನಕ್ಕು ಬರೆದುಕೊಳ್ಳುತ್ತಿದ್ದರು.

ಹಿತ್ತಲ ಬಾಗಿಲು ತೆರೆಯಿತು. ಅಪ್ಪ ಹೊಸ್ತಿಲ ಮೇಲೆ ಬಂದು ನಿಂತ. ನಿದ್ದೆಗಣ್ಣು, ಮೈಮೇಲೆ ಬನಿಯನ್ನು. ಕಣ್ಣಿಗೆ ಕೈ ಅಡ್ಡ ಹಿಡಿದು ಕಾಲುದಾರಿಯ ಕಡೆಗೆ, ಹೊಲದ ಕಡೆಗೆ ನೋಡಿದ. "ಯಾರವ್ರು?" ಎಂದ. ಒಟ್ಟಿಲ ಹಿಂದೆ ಅವ್ವನ ಕೈ ಒಂದಿಷ್ಟು ಮೇಲಕ್ಕೆದ್ದಿತು. ದನಿ ಬರಲಿಲ್ಲ. "ಯಾರು ಅಂತೀನಿ?" ಎಂದು ಅಪ್ಪ ಇನ್ನೊಮ್ಮೆ ಕೇಳಿ, ಸ್ವಲ್ಪ ಕಾದು, ಒಳಗೆ ಹೋದ. ಬಾಗಿಲು ಮುಚ್ಚಿತು. ಬಿಸಿಲು ಒಳಗೆ ಬರಬಾರದೆಂದು ಅಗುಳಿ ಹಾಕಿದ ಸದ್ದೂ ಕೇಳಿಸಿತು.

ಆ ಕೈ ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇಳಿಯಿತು.

ಅಮೋಲ ಮಾಳಿಗೆಯಿಂದ ಇಳಿದು ಬಂದಾಗ ಶೀತಲ ಮೆಟ್ಟಿಲ ಕೆಳಗೆ ನಿಂತಿದ್ದಳು. ಅವನು ಅವಳ ಮುಖ ನೋಡಲಾರದೆ, "ನಾ ಅಂದಿದ್ದು..." ಎಂದ. "ಇರ್ಲಿ," ಎಂದಳು ಅವಳು. "ಮಾಮಾರಿಗೆ ಹೇಳಬ್ಯಾಡ್ರಿ. ಅಷ್ಟ."

ಹೊರಗಿನ ಕೋಣೆಯಲ್ಲಿ ಭೀಮಣ್ಣ ಕಾಯುತ್ತಿದ್ದ. ಮಗನ ಕೈಯಲ್ಲಿನ ಲ್ಯಾಪ್‌ಟಾಪು ನೋಡಿ, "ತೆರೀತೇನು?" ಎಂದು ಕೇಳಿದ.

"ತೆರೀತಪ್ಪಾ."

"ಏನ ಕಾಣಸ್ತು?"

"ಏನಿಲ್ಲ. ಪೈಪ ಎಳ್ಯಾಕ ಹೋಗಿ ಬಿದ್ದಾಳ. ತಲಿಗೆ ಕಟ್ಟಿ ಬಡದದ. ಬಿದ್ದಾಕಿ ಅಷ್ಟಕ್ಕ ಹೋಗ್ಯಾಳ. ತ್ರಾಸ ಆಗಿಲ್ಲ ಅಕಿಗೆ. ಒದರಿಲ್ಲ, ಏನಿಲ್ಲ."

"ಒದರಿಲ್ಲಾ?"

"ಇಲ್ಲಪ್ಪಾ."

ಭೀಮಣ್ಣ ತಲೆಯಾಡಿಸಿದ. ಅವನ ಹೆಗಲು ಇಳಿಯಿತೆಂದು, ಹಗುರಾಯಿತೆಂದು ಅಮೋಲ ಅಂದುಕೊಂಡ. ಅಷ್ಟರಲ್ಲಿ ಮುದುಕ, "ಮತ್ತ ನನ್ನ ಹೆಸರ ಹಿಡದು ಕರದವ್ರ್ಯಾರು?" ಎಂದ.

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಅವತ್ತ ಮಧ್ಯಾನ ನಾ ಮಲಗಿದ್ನಲ್ಲ, ಹಿತ್ತಲ ಕಡಿಂದ ಭೀಮಣ್ಣಾ ಅಂತ ಯಾರೋ ಕರದ್ರು. ಖರೆ ಖರೆ ಕರದ್ರು. ಎದ್ದು ಹೋಗಿ ಬಾಗಲಾ ತೆಗದು ಕೇಳೀನಿ. ಓ ಅನ್ನಲಿಲ್ಲ. ಅದನ್ನ ನೋಡು ಅಂತನ ಇಷ್ಟ ದಿನ ನಿನ್ನ ಬೆನ್ನ ಹತ್ತಿದ್ದು ನಾ. ಯಾರ ಬಂದಿದ್ರು ಹಿತ್ತಲಿಗೆ?"

"ರಸ್ತಾದಾಗ ಹೋಗಾವ್ರು ಯಾರರೆ..."

"ರಸ್ತಾದವ್ರಿಗೆ ನನ್ನ ಹೆಸರೇನ ಗೊತ್ತು?"

"ಕ್ಯಾಮೆರಾಕ ಅಷ್ಟ ದೂರದ್ದು ಕಾಣಸೂದಿಲ್ಲಪ್ಪಾ. ದನೀನೂ ಹಿಡಿಯೂದಿಲ್ಲ ಅದು."

ಅವ್ವನೇ ಕರೆದಿರಬಹುದೆಂಬ ಯೋಚನೆ ಅಪ್ಪನ ಹತ್ತಿರಕ್ಕೂ ಸುಳಿದಿರಲಿಲ್ಲ. ಇದು ಅಮೋಲನಿಗೆ ಆಗ ತಿಳಿಯಿತು. ಸುಳಿಯುವುದಾದರೂ ಹೇಗೆ? ಆ ಬಾಯಲ್ಲಿ ಆ ಹೆಸರು ಇರಲೇ ಇಲ್ಲ. 'ರೀ' ಎಂಬ ಒಂದು ಅಕ್ಷರ ಕಿವಿಗೆ ಬಿದ್ದಿದ್ದರೆ ಅವನು ಬರಿಗಾಲಲ್ಲಿ ಓಡುತ್ತಿದ್ದ.

"ಯಾರೋ ಇದ್ರು," ಎಂದ ಭೀಮಣ್ಣ, ತನಗೇ ಹೇಳಿಕೊಂಡಂತೆ. "ಅಕಿ ಬಿದ್ದಿದ್ದು ನೋಡ್ಯಾರ. ನೋಡಿ ನನ್ನ ಕರದಾರ. ನಾ ಬರೂದ್ರಾಗ ಸರಕೊಂಡಾರ."

ಮರುದಿನವೆಲ್ಲ ಅವನು ಅದೇ ಎಳೆ ಹಿಡಿದು ಕೂತ. ಊರಲ್ಲಿ ಅವನನ್ನು ಕೆಲವರು ಮಾಲಕರು ಎನ್ನುತ್ತಿದ್ದರು, ಕೆಲವರು ಕಾಕಾ, ಹುಡುಗರು ಅಜ್ಜಾ ಎನ್ನುತ್ತಿದ್ದರು. ಬರೀ ಭೀಮಣ್ಣಾ ಎನ್ನುವವನು ಒಬ್ಬನೇ ಉಳಿದಿದ್ದ. ಶಿವಶರಣಪ್ಪ. ಬದುವಿಗೆ ಬದು ಹತ್ತಿದ ಹೊಲದವನು, ಚಿಕ್ಕಂದಿನಿಂದ ಜೊತೆಗೆ ಎಮ್ಮೆ ಕಾದವನು. ಹಿತ್ತಲ ಕಾಲುದಾರಿಯಿಂದಲೇ ಬಂದು, ಅಲ್ಲಿಂದಲೇ ಕರೆದು, ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದವನು. ಅವತ್ತಿನಿಂದ ಅವನೂ ಮೊದಲಿನಂತೆ ಬರುತ್ತಿಲ್ಲವಲ್ಲ, ಯಾಕೆ?

ಶಾರದಾಬಾಯಿ ಇಲ್ಲದ ಕಟ್ಟೆಯ ಮೇಲೆ ಕೂಡಲು ಮನಸ್ಸು ಬಾರದೆ ಅವನು ಬಂದಿರಲಿಲ್ಲ. ಆದರೆ ಭೀಮಣ್ಣನ ತಲೆಯಲ್ಲಿ ಅದಕ್ಕೆ ಬೇರೆಯೇ ಅರ್ಥ ಬೆಳೆಯಿತು. ಅಮೋಲ, ಶೀತಲ ಇಬ್ಬರೂ ಕೆಲಸಕ್ಕೆ ಹೋದ ಒಂದು ಬೆಳಿಗ್ಗೆ ಅವನು ಕೋಲು ಹಿಡಿದು ಬದು ದಾಟಿದ. ಶಿವಶರಣಪ್ಪನ ಕಣದಲ್ಲಿ ಜೋಳದ ರಾಶಿ ನಡೆದಿತ್ತು. ಮಷೀನಿನವರು, ಕೂಲಿ ಹೆಂಗಸರು ಎಲ್ಲ ಇದ್ದರು. ಅವರೆಲ್ಲರ ಮುಂದೆ, "ನನ್ನ ಹೇಂತಿ ಸಾಯಾಕತ್ತಿದ್ದು ಕಣ್ಣಿಲೆ ನೋಡಿ ಹೋದ್ಯಲ್ಲೋ! ಹೊರಗಿನಾಂವ ಆಗಿದ್ರ ಬಾಯಾಗ ನೀರ ಬಿಟ್ಟು ಹೋಗ್ತಿದ್ದ!" ಎಂದು ಕೂಗಿದ. ಶಿವಶರಣಪ್ಪ ಹತ್ತಿರ ಬಂದು ಕೈ ಹಿಡಿಯಲು ನೋಡಿದರೆ ಕೋಲು ಎತ್ತಿದ. ಕೋಲು ಬಿತ್ತೋ ಇಲ್ಲವೋ ಎಂಬುದನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು.

ಅಮೋಲನಿಗೆ ಸುದ್ದಿ ತಿಳಿದದ್ದು ಸಂಜೆ, ಸ್ಟ್ಯಾಂಡಿನ ಪಾನಂಗಡಿಯಲ್ಲಿ. ಮನೆಗೆ ಬಂದರೆ ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಮಲಗಿದ್ದ. ಶೀತಲ, "ಇನ್ನ ನಾಕೈದು ದಿನದಾಗ ಅಳಸಿ ಹೋಗ್ತದ" ಎಂದಳು. ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಹೌದು, ನಾಲ್ಕೈದು ದಿನ. ಸುಮ್ಮನೆ ಇದ್ದರೆ ಡಬ್ಬಿ ತನ್ನ ಕೆಲಸ ತಾನು ಮಾಡುತ್ತದೆ. ಆಮೇಲೆ ಆ ಮಧ್ಯಾಹ್ನ ಎಲ್ಲಿಯೂ ಇರುವುದಿಲ್ಲ. ಆದರೆ ಅಪ್ಪನ ಸಿಟ್ಟು ಇರುತ್ತದೆ, ಆ ಸಿಟ್ಟು ಹೊತ್ತುಕೊಂಡು ತಿರುಗುವ ಇನ್ನೊಬ್ಬ ಮುದುಕನೂ ಇರುತ್ತಾನೆ.

ಆದಿತ್ಯವಾರ ಊಟದ ಹೊತ್ತಿಗೆ ಶಿವಶರಣಪ್ಪನೇ ಬಂದ. ಹಿತ್ತಲ ದಾರಿಯಿಂದಲ್ಲ, ನೆಂಟರ ಹಾಗೆ ಮುಂಬಾಗಿಲಿನಿಂದ. ಇಸ್ತ್ರಿ ಮಾಡಿದ ಧೋತರ, ತಲೆಯ ಮೇಲೆ ಬಿಳಿ ಟೊಪಿಗೆ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ನಿಂತ.

"ಅಮೋಲ, ನಾ ಅವತ್ತ ಸೊಲ್ಲಾಪುರದಾಗಿದ್ನೋ. ಕಣ್ಣಿನ ದವಾಖಾನ್ಯಾಗ ಔಷಧ ಹಾಕಿ ಕೂಡಿಸಿದ್ರು. ಸುದ್ದಿ ಕೇಳಿ ಕಣ್ಣ ಕಾಣದಾಂವ ಮಗನ ಕೈ ಹಿಡಕೊಂಡು ಮಣ್ಣಿಗೆ ಬಂದೀನಿ. ಇಂವಗ ಅದು ನೆನಪಿಲ್ಲ." ಅವನು ಭೀಮಣ್ಣನ ಕಡೆಗೆ ನೋಡಲಿಲ್ಲ. "ಊರಾಗ ನನ್ನ ಸೊಸೆಂದ್ರು ತಲಿ ಎತ್ತಿ ನೀರಿಗೆ ಹೋಗವಲ್ಲರು. ನಿಮ್ಮ ಹಂತೇಕ ಕ್ಯಾಮೆರಾ ಅದ ಅಂತೀರಿ. ತೆಗೀರಿ ಅದನ್ನ. ನಾ ಇದ್ದದ್ದು ಕಾಣಸ್ತಂದ್ರ ಇಲ್ಲೇ ಜೋಡ ಬಿಚ್ಚತೀನಿ, ಹೊಡೀರಿ."

"ಏನೂ ಕಾಣೂದಿಲ್ಲಂತ ಅದರಾಗ," ಎಂದ ಭೀಮಣ್ಣ ಮಂಚದಿಂದ. "ಅದಕ್ಕ ಧೈರ್ಯಾಗಿ ಬಂದಿ."

ಶಿವಶರಣಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಷ್ಟರಲ್ಲಿ ಒಳಗಿನಿಂದ ಶೀತಲ ಬಂದಳು. ಅವಳ ಕೈಯಲ್ಲಿ ಲ್ಯಾಪ್‌ಟಾಪು ಇತ್ತು. ಅದನ್ನು ಮಾವನ ಮಂಚದ ಮೇಲಿಟ್ಟು, ಗಂಡನಿಗೆ, "ಹಚ್ರಿ," ಎಂದಳು. "ಇಲ್ಲಂದ್ರ ನಾ ಹಚ್ತೀನಿ."

"ಶೀತಲ..."

"ನಾ ಬಂದ್ ಮಾಡಿದ್ದೇ ತಪ್ಪ ಆಯ್ತು. ಹಚ್ರಿ."

ಅಮೋಲ ಅಪ್ಪನ ಕಾಲ ಹತ್ತಿರ ನೆಲದ ಮೇಲೆ ಕೂತ. ಶಿವಶರಣಪ್ಪ ಜೋಡು ಬಿಚ್ಚಿ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಅಮೋಲ ಚಿತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡು, "ಅಪ್ಪಾ, ದನಿ ಅಷ್ಟ ಕೇಳು. ನಾ ನಿನಗ ಸುಳ್ಳ ಹೇಳಿದ್ದೆ" ಎಂದ. ಭೀಮಣ್ಣ ಅವನನ್ನು ದಿಟ್ಟಿಸಿದ.

ನೀರು ಹರಿಯುವ ಸದ್ದು ಬಂತು. ದೂರದ ಗಾಡಿಗಳ ಸದ್ದು. "ರೀ... ಇಲ್ಲಿ ಬರ್ರಿ" ಎಂಬುದು ಎಷ್ಟು ಸಣ್ಣದಾಗಿತ್ತೆಂದರೆ ಭೀಮಣ್ಣನಿಗೆ ಅದು ಕೇಳಿಸಲಿಲ್ಲ, ಶಿವಶರಣಪ್ಪ ಮಾತ್ರ ತಲೆಯೆತ್ತಿದ. ಆಮೇಲೆ ಆ ಕೂಗು ಕೋಣೆಯಲ್ಲಿ ತುಂಬಿತು.

"ಭೀಮಣ್ಣಾ! ಏ ಭೀಮಣ್ಣಾ!"

"ಹಾಂ, ಇದ! ಇದ ದನಿ!" ಎಂದ ಭೀಮಣ್ಣ, ಬೆರಳು ಮುಂದೆ ಮಾಡಿ. "ಯಾರಿವ್ರು?"

ಶಿವಶರಣಪ್ಪ ಟೊಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ವೈನಿ," ಎಂದ ಮೆತ್ತಗೆ. "ನಮ್ಮ ಶಾರದಾ ವೈನಿ."

ಅಮೋಲ ಅಲ್ಲಿಗೇ ನಿಲ್ಲಿಸಬೇಕೆಂದಿದ್ದ. ಬೆರಳು ಏಳಲಿಲ್ಲ. ಬಾಗಿಲು ತೆರೆದ ಸದ್ದು ಬಂತು, "ಯಾರವ್ರು?" ಎಂಬ ದನಿ ಬಂತು, "ಯಾರು ಅಂತೀನಿ?" ಎಂದದ್ದು ಬಂತು, ಅಗುಳಿ ಬಿದ್ದದ್ದು ಬಂತು. ಆಮೇಲೆ ಬರೀ ನೀರು.

ಭೀಮಣ್ಣನ ಮುಂದೆ ಚಾಚಿದ ಬೆರಳು ಹಾಗೆಯೇ ಇತ್ತು. ಅವನು ಅದನ್ನು ನೋಡಿ, ಮಡಚಿ, ಮಡಿಲಲ್ಲಿಟ್ಟುಕೊಂಡ. "ನಾ ಹತ್ರಾನ ಇದ್ದೆ" ಎಂದ. ಅದು ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ.

"ಕಟ್ಟಗಿ ಅಡ್ಡ ಇತ್ತಪ್ಪಾ. ನಿನಗ ಕಾಣೂ ಹಂಗ ಇರಲಿಲ್ಲ."

"ಅಕಿ ದನಿ ಗುರುತ ಸಿಗಲಿಲ್ಲ ನನಗ. ನನ್ನ ಹೆಸರ ಅಕಿ ಬಾಯಾಗ ಹಿಂಗ ಕೇಳಸ್ತದಂತ ಗೊತ್ತೇ ಇರಲಿಲ್ಲ."

ಶಿವಶರಣಪ್ಪ ಬಂದು ಮಂಚದ ಇನ್ನೊಂದು ತುದಿಯಲ್ಲಿ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕ್ಷಮೆಯ ಮಾತನ್ನು ಇವನೂ ಆಡಲಿಲ್ಲ, ಅವನೂ ಕೇಳಲಿಲ್ಲ. ಶೀತಲ ತಂಬಿಗೆಯಲ್ಲಿ ನೀರು ತಂದಿಟ್ಟಳು. ಅದನ್ನು ಯಾರೂ ಮುಟ್ಟಲಿಲ್ಲ.

"ಪರತ ಹಚ್ಚು," ಎಂದ ಭೀಮಣ್ಣ.

"ಬ್ಯಾಡಪ್ಪಾ."

"ಹಚ್ಚೋ. ಒಮ್ಮೆ ಹಚ್ಚು."

ಅಮೋಲ ಹಿಂದಕ್ಕೆ ಸರಿಸಿ ಹಚ್ಚಿದ. ಮತ್ತೆ ನೀರಿನ ಸದ್ದು, ಗಾಡಿಗಳ ಸದ್ದು. ಭೀಮಣ್ಣ ಕಣ್ಣು ಮುಚ್ಚಿಕೊಂಡು, ಕಿವಿಯನ್ನು ಒಂದಿಷ್ಟು ವಾಲಿಸಿ ಕೂತಿದ್ದ. ಈ ಸಲ 'ರೀ' ಎಂದದ್ದು ಅವನಿಗೂ ಕೇಳಿಸಿರಬೇಕು, ಹುಬ್ಬು ಎದ್ದವು. ಕೂಗು ಬಂತು. ಅದರ ಬೆನ್ನಿಗೇ ಬರಬೇಕಾಗಿದ್ದ ಬಾಗಿಲಿನ ಸದ್ದು ಇನ್ನೂ ಬಂದಿರಲಿಲ್ಲ.

"ಓ," ಎಂದ ಭೀಮಣ್ಣ, ಪಕ್ಕದ ಕೋಣೆಯಲ್ಲಿದ್ದವರಿಗೆ ಓಗೊಡುವಷ್ಟೇ ದನಿಯಲ್ಲಿ. ಅವನ ಕಣ್ಣು ಮುಚ್ಚಿಯೇ ಇದ್ದವು. ಕಾಲುಗಳು ಮಾತ್ರ ಮಂಚದಿಂದಿಳಿದು ನೆಲದ ಮೇಲೆ ಚಪ್ಪಲಿ ಹುಡುಕುತ್ತಿದ್ದವು.